ಕೋದಂಡರಾಮಪ್ಪ ಮೇಷ್ಟ್ರ ಪುರುಡು

ಲಕೋಟೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಅಂದಮೇಲೆ ಹೆಂಡತಿಗೆ ಹೆರಿಗೆಯಾಗಿದೆ, ತಾಯಿ ಮಗು ಕ್ಷೇಮ. ಗಂಡೋ ಹೆಣ್ಣೋ ಎಂಬುದೊಂದು ಮಾತ್ರ ಒಳಗಿತ್ತು. ಕೋದಂಡರಾಮಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ವಿಳಾಸದ ಅಕ್ಷರ ದಪ್ಪಗಿದೆಯಲ್ಲ, ಗಂಡಾದರೆ ಮಾವ ಹೀಗೆ ಬರೆಯುತ್ತಾನೋ? ಒಡೆಯದೆ ಹುಳ ಸಾಕುವ ಪಡಸಾಲೆಯ ಸೂರಿನ ಸಂದಿಗೆ ಸಿಕ್ಕಿಸಿದ.

ಅದು ೧೯೪೩. ವೇಮಗಲ್ ಕಡೆಯ ಒಂದು ಶಾಲೆಗೆ ಅವನು ವ್ಯವಸಾಯದ ಮೇಷ್ಟ್ರಾಗಿ ಬಂದು ಹತ್ತು ತಿಂಗಳಾಗಿತ್ತು. ಯುದ್ಧಕ್ಕೆ ರೇಷ್ಮೆ ಬೇಕು, ಶಾಲೆಯಲ್ಲೂ ಹುಳ ಸಾಕಿ ತೋರಿಸಿ ಎಂದು ಮೇಲಿನಿಂದ ಹುಕುಂ. ಯಾರು ಸಾಕಬೇಕು, ಪಾಠ ಯಾವಾಗ, ಊಟ ಯಾವಾಗ ಎಂದು ಹುಕುಂ ಬರೆದವರು ಕೇಳಿಕೊಳ್ಳಲಿಲ್ಲ. ಶಾಲೆಯಲ್ಲಿ ಜಾಗವಿಲ್ಲದೆ, ಊರಲ್ಲಿ ಹುಳ ಸಾಕಿ ಪಳಗಿದ ಆಂಜಿನಮ್ಮನ ಪಡಸಾಲೆಯಲ್ಲಿ ಹುಳದ ತಟ್ಟೆಗಳನ್ನಿಟ್ಟಿದ್ದರು. ಹೆಂಡತಿ ಆದಿಲಕ್ಷ್ಮಿ ಮುಳಬಾಗಿಲಿನ ತವರಿಗೆ ಹೋಗಿ ನಾಲ್ಕು ತಿಂಗಳು; ಅವನು ಹೋಗಿ ನೋಡಿದ್ದು ಒಂದೇ ಸಲ. ಇನ್ಸ್‌ಪೆಕ್ಟರು ಬಂದು ಗೂಡು ನೋಡಿ ಒಪ್ಪಿದರೆ ಕೆಲಸ ಖಾಯಂ.

ಹುಳದ ಮನೆಗಳಲ್ಲಿ ಒಂದು ಕಟ್ಟಳೆಯಿದೆ. ಮಗು ಹುಟ್ಟಿದ ಮನೆಯವನು ಹನ್ನೊಂದು ದಿನ ಹುಳದ ಹತ್ತಿರ ಸುಳಿಯುವಂತಿಲ್ಲ. ಪುರುಡಿನ ಮೈಲಿಗೆ ತಟ್ಟುತ್ತದೆ. ಆದರೆ ಸುದ್ದಿ ತಿಳಿಯದವನಿಗೆ ಪುರುಡೂ ಇಲ್ಲ; ಕಾಗದ ಒಡೆಯದಿದ್ದರೆ ತಿಳಿದಂತಲ್ಲ ಎಂಬುದು ಅವನ ಲೆಕ್ಕ. ಹುಳ ಕೊನೆಯ ಸಲ ಪೊರೆ ಬಿಟ್ಟು ಹಸಿದು ಎದ್ದಿತ್ತು, ಇನ್ನೊಂದು ವಾರ ಎಡೆಬಿಡದೆ ತಿನ್ನುತ್ತದೆ. ಕಾಗದ ಒಡೆದರೆ ಸೊಪ್ಪು ಹಾಕುವವರು ಯಾರು?

ಆರು ದಿನ ಅವನು ಸೊಪ್ಪು ಹಾಕಿದ. ಹಾಜರಿ ಕೂಗುವಾಗ ಪ್ರತಿ ಹೆಸರನ್ನೂ ತನ್ನ ಮಗುವಿಗೆ ಇಟ್ಟು ನೋಡಿದ. ಆರನೆಯ ದಿನ, ಮಂಗಳವಾರ, ಸೂರಿನಿಂದ ಸೊಪ್ಪಿನ ಮಂಕರಿ ಇಳಿಸುವಾಗ ಆಂಜಿನಮ್ಮನ ಕೈಗೆ ಲಕೋಟೆ ಸಿಕ್ಕಿತು.

"ಅರಿಶ್ನ ಹಚ್ಚಿದ ಕಾಗ್ದಾನ ಯಾರಾನಾ ಹಿಂಗೆ ಬಚ್ಚಿಡ್ತಾರಾ, ಮೇಷ್ಟ್ರೇ?"

ಅವನು ತೊದಲುತ್ತಾ ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ, ಅವಳು ನಕ್ಕಳು.

"ಪುರುಡು ಬಂತು ಅಂತ ನಾವು ಹುಳ ಸಾಯಿಸ್ತೀವಾ ನಾಯ್ನಾ? ಪಕ್ಕದ್ಮನೆಯೋರು ಸೊಪ್ಪು ಹಾಕ್ತಾರೆ. ನನ್ನ ನಾಕು ಹೆರಿಗೇನೂ ಹುಳ ಇದ್ದಾಗ್ಲೇ ಆಗಿದ್ದು."

"ನಮ್ಮ ಇಲಾಖೇಲಿ ಪಕ್ಕದ್ಮನೆ ಇಲ್ಲಮ್ಮ," ಎಂದ ಅವನು.

"ನಾನಿದೀನಲ್ಲ. ಒಡಿ."

ಹೊಸ್ತಿಲ ಆಚೆ ನಿಂತು ಒಡೆದ. ಹೆಣ್ಣು. ಗುರುವಾರಕ್ಕೆ ಹನ್ನೊಂದನೆಯ ದಿನ, ನಾಮಕರಣ; ಹೆಸರು ನೀವೇ ಕಿವಿಯಲ್ಲಿ ಹೇಳಬೇಕೆಂದು ಆದಿಲಕ್ಷ್ಮಿ ಹಟ ಹಿಡಿದಿದ್ದಾಳೆ ಎಂದು ಮಾವ ಬರೆದಿದ್ದ. ಇನ್ಸ್‌ಪೆಕ್ಟರು ಬರುವುದೂ ಗುರುವಾರವೇ.

ಅವನು ಒಳಗೆ ಕಾಲಿಡಲಿಲ್ಲ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವನ್ನು ಆಂಜಿನಮ್ಮನಿಗೆ ಒಪ್ಪಿಸಿ, ಹೆಡ್ಮಾಸ್ಟರಿಗೆ ರಜೆಚೀಟಿ ಕೊಟ್ಟು, ಮುಳಬಾಗಿಲಿಗೆ ಇದ್ದಿಲು ಗ್ಯಾಸಿನ ಬಸ್ಸು ಹತ್ತಿದ.

ಶುಕ್ರವಾರ ತಿರುಗಿ ಬಂದಾಗ ವರದಿ ಅವನ ರುಜುವಿಗಾಗಿ ಕಾದಿತ್ತು: ಗೂಡು ಉತ್ತಮ, ಉಪಾಧ್ಯಾಯರು ಗೈರುಹಾಜರು, ಖಾಯಂ ಒಂದು ವರ್ಷ ಮುಂದಕ್ಕೆ. ಗೂಡು ಹೇಗೆ ಉತ್ತಮವಾಯಿತು, ಯಾರ ಕೈಯಲ್ಲಿ ಆಯಿತು ಎಂದು ಕೇಳುವ ಕುತೂಹಲ ಆ ದೊಡ್ಡ ಮನುಷ್ಯರಿಗೆ ಹುಟ್ಟಿರಲಿಲ್ಲ. ಅವನು ರುಜು ಹಾಕಿದ.

ಮಗು ಯಾರ ಹಾಗಿದೆ ಎಂದು ಆಂಜಿನಮ್ಮ ಕೇಳಿದಳು.

"ನಾನಿದ್ದಷ್ಟು ಹೊತ್ತೂ ಕಣ್ಣೇ ಬಿಡಲಿಲ್ಲಮ್ಮ. ಯಾರ ಕಣ್ಣೋ ಏನೋ. ಭಾನುವಾರ ಮತ್ತೆ ಹೋಗ್ತೀನಿ."

ಮುಂದಿನ ಬೆಳೆಗೆ ಹುಳದ ಮೊಟ್ಟೆ ಶನಿವಾರ ಬಂತು. ಆದರೂ ಅವನು ಭಾನುವಾರ ಮುಳಬಾಗಿಲಿಗೆ ಹೋದ.