ಹುಡುಕಿದರೆ ಸಿಗಬಾರದ ಗೂಡು

ಗೆಳೆಯರೇ, ಇವತ್ತು ನಾನೇ ಬರೆದ ಪುಟವನ್ನು ಯಾರ ಕಣ್ಣಿಗೂ ಬೀಳದಂತೆ ಮಾಡಲು ಒದ್ದಾಡಿದೆ.

ನಾವಿರುವ ಚೋವಾ ಚು ಕಾಂಗ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟ್ ಬ್ಲಾಕಿನ ಹಿಂದಿನ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡಿದೆ. ಹೆಣ್ಣು ಹಕ್ಕಿ ಮರಿಗಳೊಂದಿಗೆ ಒಳಗೇ ಇರುತ್ತದೆ. ಗಂಡು ತಂದುಕೊಟ್ಟರೆ ಮಾತ್ರ ಊಟ. ಹವ್ಯಾಸಕ್ಕೆಂದು ನಡೆಸುವ ನನ್ನ ಹಕ್ಕಿಗಳ ವೆಬ್‌ಸೈಟಿನಲ್ಲಿ ಅದರ ಫೋಟೋ ಹಾಕಿ, ಮರ ಎಲ್ಲಿದೆ ಎಂದೂ ಬರೆದಿದ್ದೆ.

ಬೆಳಿಗ್ಗೆ ಪಕ್ಕದ ಮನೆಯ ವಿಶಾಲ ಆಂಟಿ ಬಾಗಿಲು ತಟ್ಟಿದರು. "ಸ್ವಲ್ಪ ಕೆಳಗೆ ಬಾಪ್ಪ. ಮರದ ಹತ್ರ ನಿಲ್ಲೋಕೂ ಜಾಗ ಇಲ್ಲ."

ಹೋದರೆ, ಉದ್ದುದ್ದ ಲೆನ್ಸ್ ಹಿಡಿದ ಜನ. ಗಂಡು ಹಕ್ಕಿ ಹಣ್ಣು ಕಚ್ಚಿಕೊಂಡು ದೂರದ ಕೊಂಬೆಯಲ್ಲೇ ಕೂತಿತ್ತು. ಗೂಡಿನ ವಿಷಯ ಹೇಗೆ ಗೊತ್ತಾಯಿತೆಂದು ಕೇಳಿದಾಗ ಒಬ್ಬರು ಫೋನ್ ತೋರಿಸಿದರು. ಸರ್ಚ್‌ನಲ್ಲಿ ಮೊದಲಿಗೇ ನನ್ನ ಪುಟ. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಮೇಲೆ ಬಂದು ಮರದ ಗುರುತು ಅಳಿಸಿದೆ. ಈ ಪುಟವನ್ನು ಸರ್ಚ್‌ನಲ್ಲಿ ತೋರಿಸಬೇಡ ಎಂದು ಹೇಳುವ ನೋ-ಇಂಡೆಕ್ಸ್ ಸಾಲನ್ನೂ ಸೇರಿಸಿದೆ.

"ಇನ್ಮೇಲೆ ಯಾರೂ ಬರಲ್ವಾ?" ನನ್ನ ಹಿಂದೆಯೇ ಬಂದಿದ್ದ ಆಂಟಿ ಕೇಳಿದರು.

"ಸರ್ಚ್ ಎಂಜಿನ್ ಮತ್ತೆ ಬಂದು ಪುಟ ಓದ್ಬೇಕು ಆಂಟಿ. ಅಲ್ಲೀವರೆಗೂ ಹಳೇದೇ ತೋರಿಸ್ತಿರುತ್ತೆ."

"ಅಲ್ಲೀವರೆಗೂ ಮರಿಗಳು ಉಪವಾಸ ಇರ್ಬೇಕಾ? ನಾನೇ ಹೋಗಿ ಕೂತ್ಕೋತೀನಿ ಬಿಡು."

ಆಂಟಿ ಮರದ ಪಕ್ಕದ ಬೆಂಚಿನಲ್ಲಿ ಕೂತು, ಬಂದವರಿಗೆಲ್ಲ "ಬರ್ಡ್ ಗಾನ್ ಆಲ್ರೆಡಿ ಲಾ" ಎಂದು ಇಲ್ಲಿನವರ ಇಂಗ್ಲಿಷಿನಲ್ಲೇ, ಹಕ್ಕಿ ಆಗಲೇ ಹೋಯಿತು ಎನ್ನತೊಡಗಿದರು. ಮೊದಲೇ ನಿಂತಿದ್ದವರೂ ಕಾದು ಸಾಕಾಗಿ ಹೊರಟರು. ಜಾಗ ಖಾಲಿಯಾದ ಮೇಲೆ ಗಂಡು ಹಕ್ಕಿ ಗೂಡಿಗೆ ಬಂದು ಹಣ್ಣು ಕೊಟ್ಟಿತು.

ಸರ್ಚ್‌ನಲ್ಲಿ ಈಗಲೂ ನನ್ನ ಪುಟವೇ ಮೊದಲು. ಪುಣ್ಯಕ್ಕೆ, ಜನ ಆಂಟಿಯ ಮಾತನ್ನೇ ನಂಬುತ್ತಿದ್ದಾರೆ.