ಹಾಲಮ್ಮನ ಕೈಯ ಮೇಲೆ ಹೊರಿಸಿದ ಸುಳ್ಳು

ಗಿರಿಜಾ, ಹಾಲಮ್ಮ ತಾನಾಗಿ ಬರುವುದನ್ನು ನಿಲ್ಲಿಸಲಿಲ್ಲ. ನಾನು ನಿಲ್ಲಿಸಿದೆ. ಐದು ವರ್ಷ ನಿನ್ನ ಜೊತೆ ಒಂದೇ ಮನೆಯಲ್ಲಿ ಉಂಡು, ಇದೊಂದನ್ನು ಮುಚ್ಚಿಟ್ಟೆ. ಎದುರಿಗೆ ಕೂತು ಹೇಳಲು ಬಾಯಿ ಬರುವುದಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ನೀನು ಸೊಸೆಯಾಗಿ ವಿನೋಬನಗರದ ಈ ಮನೆಗೆ ಬಂದ ಹೊಸತು. ಮುಟ್ಟಿನ ಮೊದಲ ದಿನ ನೀನು ಹೊಟ್ಟೆ ಹಿಡಿದು ಮುದುಡಿ ಮಲಗುತ್ತಿದ್ದೆ. ಗುಳಿಗೆ ನುಂಗಿದರೆ ವಾಂತಿ. ನನ್ನ ಮಗಳ ಬಾಣಂತನದಲ್ಲಿ ಎಣ್ಣೆ ತಿಕ್ಕಿ ಎರೆದಿದ್ದ ಹರಿಹರದ ಹಾಲಮ್ಮನನ್ನು ನಾನೇ ಫೋನ್ ಮಾಡಿ ಕರೆಸಿದೆ. ಆಮೇಲೆ ಪ್ರತಿ ತಿಂಗಳೂ ಬಸ್ಸು ಹತ್ತಿ ಬರುತ್ತಿದ್ದಳು. ಹರಳೆಣ್ಣೆ ಬೆಚ್ಚಗೆ ಮಾಡಿ ಹೊಕ್ಕುಳ ಸುತ್ತ, ಕಿಬ್ಬೊಟ್ಟೆ, ಆಮೇಲೆ ಸೊಂಟ — ಅವಸರವಿಲ್ಲದೆ, ಹಗುರವಾಗಿ ನೀವುತ್ತಿದ್ದಳು. ಅರ್ಧ ಗಂಟೆಯಲ್ಲಿ ನಿನ್ನ ಮುಖ ಸಡಿಲವಾಗುತ್ತಿತ್ತು. ನೀವಿಬ್ಬರೂ ನಗುವುದು ಹೊರಗೆ ಕೇಳಿಸುತ್ತಿತ್ತು.

ಅದನ್ನೇ ನನಗೆ ಸಹಿಸಲಾಗಲಿಲ್ಲ.

ಹೊರಗಾದವಳನ್ನು ಮುಟ್ಟಿದ ಕೈಯಲ್ಲೇ ಎಣ್ಣೆಯ ಬಟ್ಟಲು ತೊಳೆಯಲು ಅಡುಗೆಮನೆಗೆ ಬರುತ್ತಾಳೆ, ಮೈಲಿಗೆ — ಎಂದು ಗೊಣಗುತ್ತಿದ್ದೆ. ಅದು ನೆಪ. ಹೊಟ್ಟೆಕಿಚ್ಚು, ಗಿರಿಜಾ. ನನ್ನ ಕಾಲದಲ್ಲಿ ಬಚ್ಚಲ ಪಕ್ಕ ಗೋಣಿಚೀಲದ ಮೇಲೆ ಬಿದ್ದು ಹಲ್ಲು ಕಚ್ಚಿ ಮೂರು ದಿನ ಕಳೆದವಳು ನಾನು. ನನ್ನ ಹೊಟ್ಟೆಯ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಇವಳಿಗೆ ಮಾತ್ರ ಯಾಕೆ — ಅನ್ನಿಸಿತು. ಎಂಥ ಹಾಳು ಬುದ್ಧಿ!

ಒಂದು ದಿನ ಹಾಲಮ್ಮ ಹೊರಟಾಗ ಗೇಟಿನವರೆಗೂ ಹೋದೆ.

"ಹಾಲಮ್ಮ, ಇನ್ ಬರಬ್ಯಾಡ. ನೀನು ಒತ್ತಿದ ಮ್ಯಾಲೆ ನೋವು ಜಾಸ್ತಿ ಆಗ್ತೈತಂತ. ಗಿರಿಜಾನೇ ಅಂದ್ಲು — ನಿನ್ ಮುಂದ ಹೇಳಾಕ ನಾಚಿಕೆ ಆಕಿಗೆ."

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಹೌದೇನ್ರಿ ಅಕ್ಕಾರೆ? ಬಿಗಿ ಒತ್ತಿದ್ನೋ ಏನೋ… ತಪ್ಪಾತು ಅಂತ ಹೇಳ್ರಿ."

ಒಳಗೆ ಬಂದು ನಿನಗೆ ಹೇಳಿದ್ದು ಬೇರೆಯೇ: "ಆಕಿ ಇನ್ ಬರಲ್ಲಂತವ್ವ. ಮುಟ್ಟಾದೋರ್ನ ಮುಟ್ಟಿದ್ರೆ ಬಾಣಂತಿ ಮನಿಯೋರು ಕರಿಯಂಗಿಲ್ಲಂತ." ನೀನು ನಂಬಿದೆ. "ಪಾಪ, ಆಕಿ ಹೊಟ್ಟೆಪಾಡಲ್ವೇನತ್ತೆ" ಎಂದೆ. ಮತ್ತೆಂದೂ ಕೇಳಲಿಲ್ಲ.

ಅಂದಿನಿಂದ ತಿಂಗಳು ತಿಂಗಳೂ ನೀನು ನರಳುವುದು ಬಾಗಿಲಾಚೆಯಿಂದ ಕೇಳಿಸಿದೆ. ನಾನು ಟೀವಿ ಜೋರು ಮಾಡಿದ್ದೇನೆ.

ಹೋದ ವಾರ ಹರಿಹರದ ಮದುವೆಯಲ್ಲಿ ಹಾಲಮ್ಮನ ಮಗಳು ಸಿಕ್ಕಳು. ಹಾಲಮ್ಮ ಆ ಕೆಲಸವನ್ನೇ ಬಿಟ್ಟು ಬಹಳ ಕಾಲವಾಯಿತಂತೆ. ಯಾರು ಕರೆದರೂ, ‘ನನ್ನ ಕೈಯಿಂದ ಒಬ್ಬ ಹುಡುಗಿಗೆ ನೋವು ಹೆಚ್ಚಾಯಿತು, ಬೇಡ’ ಅನ್ನುತ್ತಿದ್ದಳಂತೆ. ಮೊನ್ನೆ ಮೊಮ್ಮಗಳು ಮುಟ್ಟಿನ ನೋವಿಗೆ ಅಳುತ್ತಿದ್ದರೂ ಮುಟ್ಟಲಿಲ್ಲವಂತೆ; ಪಕ್ಕದಲ್ಲಿ ಕೂತು ತಾನೂ ಅತ್ತಳಂತೆ.

"ನಿಮ್ ಸೊಸಿ ಹೆಂಗದಾಳ್ರಿ ಈಗ? ಅವ್ವ ಕೇಳ್ತಿರ್ತಾಳ," ಎಂದಳು ಮಗಳು.

"ಆರಾಮದಾಳ," ಎಂದೆ. ಆಗಲೂ — ಆಗಲೂ ಸುಳ್ಳೇ ಬಂತು.

ಹಾಲಮ್ಮ ಕಲಿತಿದ್ದ ಒಂದೇ ವಿದ್ಯೆ ಅದು. ಒಂದು ಮಾತಿನಲ್ಲಿ ಕಿತ್ತುಕೊಂಡೆ. ನಿನ್ನಿಂದ ಕಿತ್ತುಕೊಂಡ ನೆಮ್ಮದಿಯ ದಿನಗಳ ಲೆಕ್ಕ ಹೇಗೆ ಹೇಳಲಿ — ಗೊತ್ತಾಗುತ್ತಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ.

ಭಾನುವಾರ ಹರಿಹರಕ್ಕೆ ಹೋಗುತ್ತೇನೆ. ನಡೆದದ್ದನ್ನು ಮಗಳು, ಮೊಮ್ಮಗಳ ಎದುರಿಗೇ ಹಾಲಮ್ಮನಿಗೆ ಹೇಳುತ್ತೇನೆ. ಮನಸ್ಸಾದರೆ ನೀನೂ ಬಾ. ನನ್ನ ಜೊತೆ ಬರಬೇಕೆಂದಿಲ್ಲ, ಬೇರೆ ಬಸ್ಸಿಗೇ ಬಾ. ‘ನಿನ್ನ ಕೈ ತಾಗಿದಾಗ ನನ್ನ ನೋವು ಇಳಿಯುತ್ತಿತ್ತು’ ಎಂದು ಅವಳಿಗೆ ನೀನೇ ಹೇಳಬೇಕು. ನನ್ನ ಬಾಯಿಂದ ಬಂದದ್ದನ್ನು ಅವಳು ಇನ್ನು ಯಾಕೆ ನಂಬಬೇಕು?