ಒಂದು-ನಾಲ್ಕು, ನಾಲ್ಕು-ಒಂದು

ಎರಡು ಚರಾಕ್ಷರಗಳ ಸಮೀಕರಣದ ಪಾಠಕ್ಕೆ ನಾನು ಪ್ರತಿವರ್ಷ ಮೆಣಸಿನಕಾಯಿಯದ್ದೇ ಉದಾಹರಣೆ ಕೊಡುತ್ತೇನೆ. ಹಾವೇರಿ ಸೀಮೆಯ ಮಕ್ಕಳಿಗೆ ಸೇಬುಹಣ್ಣು ಯಾಕೆ ಬೇಕು? x ಅಂದರೆ ಬಣ್ಣ ಕೊಡುವ ಬ್ಯಾಡಗಿ, y ಅಂದರೆ ಉರಿ ಕೊಡುವ ಗುಂಟೂರು. ಎರಡೂ ಸೇರಿ ಐದು ಕಿಲೋ. ಹಲಗೆಯ ಮೇಲೆ x + y = 5 ಎಂದು ಬರೆದು ಉತ್ತರದ ಜೋಡಿ ಹುಡುಕಲು ಹೇಳುತ್ತೇನೆ. ಮಕ್ಕಳು (4, 1) ಅನ್ನುತ್ತಾರೆ, (3, 2) ಅನ್ನುತ್ತಾರೆ, (1, 4) ಅನ್ನುತ್ತಾರೆ. ಎಲ್ಲವೂ ಸರಿಯೇ. ಆದರೆ ಮೊದಲಿನದು ನಂತರದ್ದು ಅದಲುಬದಲಾದರೆ ಜೋಡಿಯೇ ಬೇರೆ, ಅದಕ್ಕೇ ಅದಕ್ಕೆ ಕ್ರಮಯುಗ್ಮ ಎಂದು ಹೆಸರು.

ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸರ, ನಿಮ್ಮನ್ಯಾಗ ಯಾವುದು ಮಾಡ್ತೀರಿ?" ಎಂದು ಕೇಳಿದಳು.

"ಅದು ಪರೀಕ್ಷಾದಾಗ ಬರಂಗಿಲ್ಲ, ಕುಂದರು" ಎಂದು ಗದರಿಸಿದೆ. ಉತ್ತರ ನನಗೇ ಗೊತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಹೆಂಡತಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ರಾಣೆಬೆನ್ನೂರಿನ ಮನೆಯಲ್ಲಿ ಈಗ ನಾನೊಬ್ಬನೇ. ರೊಟ್ಟಿ ಖಾನಾವಳಿಯಿಂದ ತರುತ್ತೇನೆ, ಸಾರು ನಾನೇ ಕುದಿಸುತ್ತೇನೆ. ಉಪ್ಪು ಹೆಚ್ಚಾಗಲಿ, ಬೇಳೆ ತಳ ಹತ್ತಲಿ, ಅವಳು ಕುಟ್ಟಿಸಿಟ್ಟ ಖಾರ ಬಿದ್ದರೆ ಅದು ಅವಳದೇ ಸಾರು ಅನ್ನಿಸುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಅದೇ ಖಾರ ಮತ್ತೆ ಮಾಡಿಸಲು ಆಗದಿದ್ದರೆ ಅವಳ ಕೈರುಚಿ ಮನೆಯಿಂದ ಪೂರಾ ಹೋಗಿಬಿಡುತ್ತದೆ ಎಂದು ಹೆದರಿಕೆಯಾಯಿತು. ಖರೇನೇ ಹೆದರಿಕೆ.

ಅವಳ ತವರು ಬ್ಯಾಡಗಿ. ಪ್ರತಿ ಬೇಸಿಗೆ ಅಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಮೆಣಸಿನಕಾಯಿ ತರಿಸುತ್ತಿದ್ದಳು. ಊರಿನ ಅಭಿಮಾನ ನೋಡಿ, ಲೆಕ್ಕ ಹೇಳುವಾಗ ಬ್ಯಾಡಗಿಯದು ಯಾವಾಗಲೂ ಮೊದಲು. ಆದರೆ ಒಮ್ಮೆ "ನಾಲ್ಕು-ಒಂದು" ಅನ್ನುತ್ತಿದ್ದಳು, ಅದೇ ಉಸಿರಿನಲ್ಲಿ "ಒಂದು-ನಾಲ್ಕು" ಅನ್ನುತ್ತಿದ್ದಳು.

"ಏ, ಯಾವುದಾರ ಒಂದು ಖಾಯಂ ಮಾಡು. ಕ್ರಮ ತಪ್ಪಿದ್ರ ಉತ್ತರ ತಪ್ಪತೈತಿ" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

"ನಿಮ್ಮ ಗಣಿತ ಸಾಲ್ಯಾಗ ಇಟ್ಕೋರಿ" ಅನ್ನುತ್ತಿದ್ದಳು.

ಎರಡರಲ್ಲಿ ಒಂದು ಬಾಯಿತಪ್ಪು, ಕೊನೆಗೆ ಹೇಳಿದ್ದೇ ಸರಿ ಇರಬೇಕು ಎಂದುಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ಅಕ್ಕನನ್ನೇ ಕೇಳಬಹುದಿತ್ತು, ಕೇಳಿದರೆ ಮನೆಗೇ ಬನ್ನಿ ಅನ್ನುತ್ತಿದ್ದರು. ಆದರೆ ಹೆಂಡತಿಯಿಲ್ಲದೆ ಆ ಮನೆಯ ಬಾಗಿಲಲ್ಲಿ ಒಬ್ಬನೇ ನಿಲ್ಲುವುದು ನನ್ನಿಂದ ಆಗಲಿಲ್ಲ. ಸೀದಾ ಅಂಗಡಿಗೆ ಹೋಗಿ ಬ್ಯಾಡಗಿ ಒಂದು ಕಿಲೋ, ಗುಂಟೂರು ನಾಲ್ಕು ಕಿಲೋ ಅಂದೆ.

"ಉಲ್ಟಾ ಹೇಳಾಕತ್ತೀರೇನ್ರಿ?" ಎಂದ ಅಂಗಡಿಯವನು.

"ನಾ ಗಣಿತದ ಮಾಸ್ತರ ಅದೇನಿ. ನನಗ ಉಲ್ಟಾ-ಸೀದಾ ಕಲಿಸಬ್ಯಾಡ್ರಿ."

ಒಣಗಿಸಿ, ತೊಟ್ಟು ಬಿಡಿಸಿ, ಗಿರಣಿಯಲ್ಲಿ ಕುಟ್ಟಿಸಿ ತಂದೆ. ಮಧ್ಯಾಹ್ನ ಖಾರಕ್ಕೆ ಎಣ್ಣೆ ಕಲಸಿ, ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ಬಾಯಿಗೆ ಹಾಕಿದ್ದೇ ತಡ, ಅಯ್ಯಯ್ಯಪ್ಪಾ! ಜೀವ ಬಾಯಿಗೆ ಬಂತು. ಅವಳ ಸಾರಿನ ರುಚಿಯ ಸುಳಿವೂ ಅದರಲ್ಲಿರಲಿಲ್ಲ. ಸಂಕಟ ತಡೆಯಲಾರದೆ ಅಕ್ಕನಿಗೆ ಫೋನ್ ಹಚ್ಚಿ ನಡೆದದ್ದೆಲ್ಲ ಹೇಳಿದೆ.

"ಅಯ್ಯ, ಅದು ಆಕಿ ಖಾರ ಆತಲ್ಲರಿ" ಎಂದರು. "ನಿಮಗ ಪಿತ್ತ ಅಂತ ನಾಲ್ಕು-ಒಂದು ಹಾಕಿ ನಿಮ್ಮ ಸಲುವಾಗಿ ಬ್ಯಾರೆ ಕುಟ್ಟಸ್ತಿದ್ಲು. ಅಡಿಗಿ ಎಲ್ಲಾ ಅದರಾಗ. ಆಕಿಗೆ ಅದು ಸಪ್ಪ ಅನಸ್ತಿತ್ತು. ನೀವು ಉಂಡು ಎದ್ದ ಮ್ಯಾಲೆ ಒಂದು-ನಾಲ್ಕರದು ತಾಟಿಗೆ ಹಾಕ್ಕೊಂಡು ಉಣ್ತಿದ್ಲು. ಗೊತ್ತಿದ್ದಿಲ್ಲೇನು?"

"ಗೊತ್ತಿದ್ದಿಲ್ರಿ ಅಕ್ಕಾರ."

"ಅದನ್ನ ಚೆಲ್ಲಿಬಿಡ್ರಿ, ನಿಮಗ ತಡಿಯಂಗಿಲ್ಲ. ನಿಮ್ದು ನಾ ಕುಟ್ಟಿಸಿ ಕಳಸ್ತೇನಿ."

"ಕಳಿಸ್ರಿ. ಇದನ್ನ ಮಾತ್ರ ಚೆಲ್ಲಂಗಿಲ್ಲ" ಎಂದೆ.

ನನಗೆ ಬೇಕಾಗಿದ್ದ ರುಚಿ ಅಂತೂ ಉಳಿಯಿತು. ಆದರೆ ಅದು ನನ್ನ ರುಚಿಯೇ ಆಗಿತ್ತು, ಅವಳದ್ದಲ್ಲ. ಅವಳದ್ದು ಈ ತಾಟಿನಲ್ಲಿತ್ತು. ಮತ್ತೆ ಅದರ ಮುಂದೆ ಕೂತೆ. ಕಣ್ಣು ಮೂಗು ಸುರಿಯಿತು. ನೀರು ಕುಡಿಯುತ್ತ, ಒರೆಸಿಕೊಳ್ಳುತ್ತ ಒಂದೊಂದೇ ತುತ್ತು ಇಳಿಸಿದೆ. ಸ್ವಲ್ಪ ಹೊತ್ತಿಗೆ ಉರಿಯ ಹಿಂದಿನ ಸೊಗಸು ನಾಲಿಗೆಗೆ ಹತ್ತಿತು. ಛಲೋ ಐತಿ ಎಂದು ಹೇಳಲು ತಲೆ ಎತ್ತಿದೆ. ಎದುರಿಗೆ ಯಾರೂ ಇರಲಿಲ್ಲ.